ಪ್ರೋಗ್ರಾಂ ಬರೆಯುವವರ ಹತಾರಗಳು



ಇವತ್ತಿನ ಮಾತು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವವರು ಬಳಸುವ ಹತಾರಗಳನ್ನು ಕುರಿತದ್ದು. ವಿಷಯ ಕೇಳಿದ ಕೂಡಲೇ ‘ಇದು ನಮ್ಮಂಥವರಿಗಲ್ಲ’ ಎಂದು ರೇಡಿಯೋ ಆರಿಸಬೇಡಿ. ಕಾಸರಗೋಡು, ವಯನಾಡಿನಲ್ಲಿರಲಿ, ಹೊಸೂರು, ತಾಳವಾಡಿಯಲ್ಲಿರಲಿ, ಜತ್ತ, ಅಕ್ಕಲಕೋಟೆಯಲ್ಲಿರಲಿ, ಆದವಾನಿ, ಮಡಕಶಿರದಲ್ಲಿರಲಿ, ಕಂಪ್ಯೂಟರ್ ವಿಷಯ ತೆಗೆದುಕೊಂಡು ಓದುವ ಹುಡುಗ ಹುಡುಗಿಯರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಒಂದಲ್ಲ ಒಂದು ದಿನ ಅವರು ಮನೆಯಲ್ಲಿ ಹೇಳುವ ಮಾತು ಇದು: ‘ಅಪ್ಪಾ, ಈ ಲ್ಯಾಪ್‌ಟಾಪಿನಲ್ಲಿ ಕೆಲಸ ನಡೆಯುವುದಿಲ್ಲ, ಹೊಸದು ಬೇಕು.’ ಹೊಸದೆಂದರೆ ಎಷ್ಟೋ ಮನೆಗಳಲ್ಲಿ ಒಂದು ಬೆಳೆಯ ದುಡ್ಡು. ಕೊಡಿಸಲೇಬೇಕೇ? ಇದ್ದುದರಲ್ಲೇ ಕಲಿಯಬಹುದೇ? ಇದಕ್ಕೆ ಉತ್ತರ ಹೇಳಬೇಕಾದರೆ ಹತಾರಗಳ ವಿಚಾರ ತಿಳಿದಿರಬೇಕು. ಓದುವ ಮಕ್ಕಳೂ ಹೆತ್ತವರೂ ಜೊತೆಗೆ ಕುಳಿತು ಕೇಳಿದರೆ ಒಳ್ಳೆಯದು.

ಮೊದಲು ಪ್ರೋಗ್ರಾಂ ಎಂದರೆ ಏನು ಎಂದು ನೋಡೋಣ. ಅದು ಕಂಪ್ಯೂಟರಿಗೆ ಬರೆದುಕೊಟ್ಟ ಅಪ್ಪಣೆಗಳ ಪಟ್ಟಿ. ಬರಿಯ ಅಕ್ಷರ, ಅಂಕಿ, ಚಿಹ್ನೆ, ಬೇರೇನೂ ಇಲ್ಲ. ಇದರ ಹಿಂದೆ ಮೂರು ಕೆಲಸಗಳಿವೆ. ಒಂದು, ಬರೆಯುವುದು, ತಿದ್ದುವುದು. ಎರಡು, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವುದು. ಅನೇಕ ಭಾಷೆಗಳಲ್ಲಿ ಇದನ್ನು ಮಾಡುವುದು ಕಂಪೈಲರ್. ಮೂರು, ತಪ್ಪು ಎಲ್ಲಿದೆ ಎಂದು ಹುಡುಕುವುದು. ಇದಕ್ಕೆ ಡಿಬಗರ್ ಇದೆ. ಮೊದಲನೆಯ ಕೆಲಸವೊಂದನ್ನೇ ತನ್ನದೆಂದು ಮಾಡುವ ಹತಾರಕ್ಕೆ ಎಡಿಟರ್ ಎನ್ನುತ್ತಾರೆ. ಮೂರನ್ನೂ ಒಂದೇ ಛಾವಣಿಯ ಕೆಳಗೆ ತಂದು, ಗುಂಡಿ, ಪಟ್ಟಿ, ಚಿತ್ರಗಳ ಮೂಲಕ ಕೆಲಸ ಮಾಡಲು ಬಿಡುವ ದೊಡ್ಡ ವ್ಯವಸ್ಥೆಗೆ ಐಡಿಇ ಎನ್ನುತ್ತಾರೆ.

ನಮ್ಮ ಬದುಕಿನಿಂದಲೇ ಹೋಲಿಕೆ ಕೊಡುವುದಾದರೆ, ಎಡಿಟರ್ ಕುಡುಗೋಲಿನ ಹಾಗೆ. ಅಲಗು ಕಮ್ಮಾರನದು, ಹಿಡಿಯನ್ನು ಮಾತ್ರ ಅವರವರ ಕೈ ಅಳತೆಗೆ ಹಾಕಿಸಿಕೊಳ್ಳುತ್ತೇವೆ. ಎಡಗೈಯವರಿಗೆ ಬೇರೆಯೇ ಕುಡುಗೋಲು. ಐಡಿಇ ಅಕ್ಕಿ ಗಿರಣಿಯ ಹಾಗೆ. ಒಂದು ಕಡೆ ಭತ್ತ ಸುರಿದರೆ ಇನ್ನೊಂದು ಕಡೆ ಅಕ್ಕಿ, ತೌಡು, ಹೊಟ್ಟು ಬೇರೆ ಬೇರೆಯಾಗಿ ಬೀಳುತ್ತವೆ. ಸುಲಭ, ವೇಗ. ಆದರೆ ಗಿರಣಿಗೆ ಜಾಗ ಬೇಕು, ಕರೆಂಟು ಬೇಕು, ಕೆಟ್ಟರೆ ಮೆಕ್ಯಾನಿಕ್ ಬೇಕು. ಎರಡಕ್ಕೂ ಅದರದರ ಹೊತ್ತು, ಅದರದರ ಕೆಲಸ ಇದೆ.

ಈ ಎರಡು ದಾರಿಗಳು ಹೇಗೆ ಹುಟ್ಟಿದವೆಂದು ತಿಳಿದರೆ ಗುಣಾವಗುಣಗಳೂ ತಿಳಿಯುತ್ತವೆ. 1969ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬವರು ಯುನಿಕ್ಸ್ ವ್ಯವಸ್ಥೆಗಾಗಿ ‘ಇಡಿ’ ಎಂಬ ಪುಟ್ಟ ಎಡಿಟರ್ ಬರೆದರು. ಆಗ ಪರದೆಯೇ ಅಪರೂಪ. ಟೈಪ್‌ರೈಟರಿನಂಥ ಯಂತ್ರದಲ್ಲಿ ಕಾಗದದ ಮೇಲೆ ಒಂದೊಂದೇ ಸಾಲನ್ನು ಕರೆಸಿ ತಿದ್ದಬೇಕಿತ್ತು. 1976ರ ಹೊತ್ತಿಗೆ ಪರದೆಗಳು ಬಂದಿದ್ದವು. ಆ ಕಾಲದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬಿಲ್ ಜಾಯ್ ‘ವಿಐ’ ಎಂಬ ಎಡಿಟರನ್ನು ರೂಪಿಸಿದರು. ಅವರು ಮನೆಯಿಂದ ಕೆಲಸ ಮಾಡುತ್ತಿದ್ದುದು ಟೆಲಿಫೋನ್ ತಂತಿಯ ಮೂಲಕ. ಅದರಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರ ಮಾತ್ರ ಹರಿದುಬರುತ್ತಿತ್ತು. ಹೀಗಾಗಿ ಒಂದೊಂದು ಅಕ್ಷರವನ್ನೂ ಲೆಕ್ಕ ಹಾಕಿ ಖರ್ಚು ಮಾಡಬೇಕಿತ್ತು. ವಿಐ ಎಡಿಟರಿನ ಅಪ್ಪಣೆಗಳು ಒಂದೋ ಎರಡೋ ಅಕ್ಷರದವಾದದ್ದು ಈ ಕಾರಣದಿಂದ. ‘ಡಿ’ ಕೀಲಿಯನ್ನು ಎರಡು ಸಲ ಒತ್ತಿದರೆ ಒಂದು ಸಾಲು ಅಳಿಯುತ್ತದೆ. ಅದರ ಮುಂದೆ 5 ಸೇರಿಸಿದರೆ ಐದು ಸಾಲು. ಅವರ ಯಂತ್ರದಲ್ಲಿ ಬಾಣದ ಗುರುತುಗಳು ಹೆಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚಾಗಿದ್ದವು. ಇಂದಿಗೂ ವಿಐ ಬಳಸುವವರು ಎಡ, ಕೆಳಗೆ, ಮೇಲೆ, ಬಲ ಹೋಗಲು ಅವೇ ನಾಲ್ಕು ಕೀಲಿಗಳನ್ನು ಒತ್ತುತ್ತಾರೆ.

ಅದೇ 1976ರಲ್ಲಿ ಅಮೆರಿಕದ ಇನ್ನೊಂದು ತುದಿಯಲ್ಲಿ, ಎಂಐಟಿ ಸಂಸ್ಥೆಯಲ್ಲಿ, ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಸೇರಿ ‘ಈಮ್ಯಾಕ್ಸ್’ ಕಟ್ಟಿದರು. 1985ರಲ್ಲಿ ಸ್ಟಾಲ್‌ಮನ್ ಅದನ್ನು ಹೊಸದಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಇದರ ವಿಶೇಷವೇನೆಂದರೆ, ಎಡಿಟರಿನ ಬಹುಭಾಗ ಲಿಸ್ಪ್ ಎಂಬ ಭಾಷೆಯಲ್ಲಿದೆ ಮತ್ತು ಬಳಸುವವರು ಆ ಭಾಗವನ್ನು ಕೆಲಸ ನಡೆಯುತ್ತಿರುವಾಗಲೇ ತಿದ್ದಬಹುದು. ವಾಸವಿರುವ ಮನೆಯ ಗೋಡೆಯನ್ನು ವಾಸವಿದ್ದುಕೊಂಡೇ ಸರಿಸಿಕೊಂಡ ಹಾಗೆ.

ಮುಂದೆ 1991ರಲ್ಲಿ ನೆದರ್‌ಲ್ಯಾಂಡ್ಸಿನ ಬ್ರಾಮ್ ಮೂಲೆನಾರ್ ಎಂಬವರು ವಿಐಯನ್ನು ಹಿಗ್ಗಿಸಿದ ‘ವಿಮ್’ ಎಂಬುದನ್ನು ಹೊರತಂದರು. ಅದಕ್ಕೆ ಬೆಲೆ ಇಡಲಿಲ್ಲ. ‘ಇದು ನಿಮಗೆ ಉಪಯೋಗವಾದರೆ ಉಗಾಂಡ ದೇಶದ ಕಿಬಾಲೆಯ ಬಡ ಮಕ್ಕಳಿಗೆ ಕೈಲಾದಷ್ಟು ಕೊಡಿ’ ಎಂಬುದಷ್ಟೇ ಅವರ ಕೋರಿಕೆಯಾಗಿತ್ತು. ವಿಮ್ ತೆರೆದಾಗ ಮೊದಲ ಪರದೆಯಲ್ಲೇ ಆ ಮಕ್ಕಳ ಮಾತು ಕಾಣುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ನೋಡಿಕೊಂಡು ಬಂದ ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಂಡರು.

ಇನ್ನು ಎರಡನೆಯ ದಾರಿ. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ‘ಟರ್ಬೊ ಪ್ಯಾಸ್ಕಲ್’ ಎಂಬುದನ್ನು ಮಾರುಕಟ್ಟೆಗೆ ತಂದಿತು. ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಬೆಲೆ 49 ಡಾಲರ್ 95 ಸೆಂಟ್. ಅದುವರೆಗೆ ಎಡಿಟರ್ ತೆರೆದು ಬರೆದು, ಮುಚ್ಚಿ, ಕಂಪೈಲರ್ ಓಡಿಸಿ, ತಪ್ಪು ಕಂಡರೆ ಮತ್ತೆ ಎಡಿಟರಿಗೆ ಮರಳಬೇಕಿತ್ತು. ಟರ್ಬೊ ಪ್ಯಾಸ್ಕಲಿನಲ್ಲಿ ಎಲ್ಲವೂ ಒಂದೇ ಕಡೆ. ತಪ್ಪಿದ್ದ ಜಾಗಕ್ಕೆ ಅದೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಿತ್ತು. 1987ರಲ್ಲಿ ಅದರ ತಂಗಿ ‘ಟರ್ಬೊ ಸಿ’ ಬಂತು. ನಮ್ಮ ದೇಶದ ಕಾಲೇಜುಗಳಲ್ಲಿ ಅದರ ನೀಲಿ ಪರದೆಯ ಮುಂದೆ ಕುಳಿತು ಕಲಿತವರು ಅಸಂಖ್ಯ. 1991ರಲ್ಲಿ ಮೈಕ್ರೋಸಾಫ್ಟಿನ ‘ವಿಷುಯಲ್ ಬೇಸಿಕ್’ ಬಂದ ಮೇಲೆ ಪರದೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಎಳೆದು ಬೇಕಾದಲ್ಲಿ ಇಡುವುದು ಸಾಧ್ಯವಾಯಿತು. 2001ರಲ್ಲಿ ‘ಎಕ್ಲಿಪ್ಸ್’ ಮತ್ತು ‘ಇಂಟೆಲಿಜೆ’, 2013ರಲ್ಲಿ ಮೊಬೈಲ್ ಆ್ಯಪ್ ತಯಾರಿಸುವವರಿಗಾಗಿ ಗೂಗಲ್ಲಿನ ‘ಆಂಡ್ರಾಯ್ಡ್ ಸ್ಟುಡಿಯೋ’ ಬಂದವು.

ಗಡಿನಾಡಿಗೆ ಹತ್ತಿರದ ಉದಾಹರಣೆಯೂ ಇದೆ. ಕೇರಳದ ಪ್ಲಸ್ ವನ್ ಕಂಪ್ಯೂಟರ್ ಸೈನ್ಸ್ ಪಠ್ಯ ಸಿ ಪ್ಲಸ್ ಪ್ಲಸ್ ಭಾಷೆ ಕಲಿಸಲು ಆರಿಸಿಕೊಂಡದ್ದು ‘ಗೀನಿ’ ಎಂಬ ಹಗುರವಾದ ಐಡಿಇಯನ್ನು. 2005ರಲ್ಲಿ ಮೊದಲು ಬಂದ ಇದು ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ. ಕುಡುಗೋಲಿಗೂ ಗಿರಣಿಗೂ ನಡುವಿನ ಹತಾರ ಎನ್ನಿ.

ಈಗ ತೂಗಿ ನೋಡೋಣ. ಐಡಿಇಯಿಂದ ಏನು ಲಾಭ? ಹೊಸಬರಿಗೆ ಅದು ಪಕ್ಕದಲ್ಲಿ ಕುಳಿತ ಅಣ್ಣನ ಹಾಗೆ. ಒಂದು ಹೆಸರನ್ನು ಅರ್ಧ ಬರೆಯುವಷ್ಟರಲ್ಲಿ ಮುಂದೆ ಏನು ಬರಬಹುದೆಂದು ಪಟ್ಟಿ ಕೊಡುತ್ತದೆ. ತಪ್ಪು ಬರೆದರೆ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ನೂರು ಕಡತಗಳಲ್ಲಿ ಬಳಸಿದ ಒಂದು ಹೆಸರನ್ನು ಬದಲಿಸಬೇಕೆಂದರೆ ಎಲ್ಲ ಕಡೆ ಒಂದೇ ಏಟಿಗೆ ಬದಲಿಸುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಗಳಿಗೆಯಲ್ಲಿ ಯಾವ ಅಂಕಿ ಎಷ್ಟಿದೆ ಎಂದು ತೋರಿಸುತ್ತದೆ. ಇವೆಲ್ಲ ಬರಿಯ ಆಡಂಬರವಲ್ಲ, ದುಡಿಯುವವರ ಹೊತ್ತು ಉಳಿಸುವ ಸೌಕರ್ಯಗಳು.

ಅದರ ಖರ್ಚೇನು? ಮೊದಲನೆಯದು ಯಂತ್ರದ ಬೆಲೆ. ಆಂಡ್ರಾಯ್ಡ್ ಸ್ಟುಡಿಯೋ ಬಳಸಲು ಕನಿಷ್ಠ 8 ಜಿಬಿ ಮೆಮೊರಿ ಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಒಂದು ಕಾಲದಲ್ಲಿ ಈಮ್ಯಾಕ್ಸ್ 8 ಎಂಬಿ ಮೆಮೊರಿ ನುಂಗುತ್ತದೆ ಎಂದು ಜನ ಅದರ ಹೆಸರಿನ ಅಕ್ಷರಗಳನ್ನೇ ಬಿಡಿಸಿ ಗೇಲಿ ಮಾಡುತ್ತಿದ್ದರು. ಇದು ಅದರ ಸಾವಿರ ಪಟ್ಟು. ಎರಡನೆಯ ಖರ್ಚು ಕಣ್ಣಿಗೆ ಕಾಣದ್ದು. ‘ರನ್’ ಎಂಬ ಗುಂಡಿ ಒತ್ತಿ ಒತ್ತಿ ಅಭ್ಯಾಸವಾದವರಿಗೆ ಆ ಗುಂಡಿಯ ಹಿಂದೆ ಏನೇನು ನಡೆಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಕಂಪೈಲರ್ ಎಲ್ಲಿದೆ, ಕಡತಗಳು ಎಲ್ಲಿವೆ, ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಗುಂಡಿ ಇಲ್ಲದ ಬೇರೊಂದು ಯಂತ್ರದ ಮುಂದೆ ಕೂರಿಸಿದರೆ ಕೈಕಾಲು ಆಡುವುದಿಲ್ಲ.

ಎಡಿಟರಿನ ಖರ್ಚು ಹಣವಲ್ಲ, ತಾಳ್ಮೆ. ಮೊದಲ ದಿನ ವಿಐ ತೆರೆದವರಿಗೆ ಅಕ್ಷರ ಮೂಡಿಸಲು ಬಾರದು, ಅದರಿಂದ ಹೊರಬರಲೂ ಬಾರದು. ಇದು ಲೋಕದ ತುಂಬ ಪ್ರೋಗ್ರಾಂ ಬರೆಯುವವರ ನಡುವೆ ಹಳೆಯ ತಮಾಷೆ. ಇನ್ನೊಂದು ಅಪಾಯವೂ ಇದೆ. ತಿದ್ದಬಹುದು ಎಂಬ ಕಾರಣಕ್ಕೆ ದಿನವಿಡೀ ತಿದ್ದುತ್ತಲೇ ಕೂರುವವರಿದ್ದಾರೆ. ಇವತ್ತು ಬಣ್ಣ, ನಾಳೆ ಕೀಲಿ, ನಾಡಿದ್ದು ಇನ್ನೊಂದು. ಹಿಡಿಯನ್ನೇ ಕೆತ್ತುತ್ತ ಕೂತರೆ ಪೈರು ಕೊಯ್ಯುವವರು ಯಾರು?

ಹಾಗಾದರೆ ತಿದ್ದಿಕೊಳ್ಳಬಲ್ಲ ಹತಾರಕ್ಕೆ ಇಷ್ಟೊಂದು ಬೆಲೆ ಏಕೆ? ಒಬ್ಬರ ಉದಾಹರಣೆ ಹೇಳುತ್ತೇನೆ. ಪುಣೆಯಲ್ಲಿ ಹುಟ್ಟಿ ಬೆಳೆದ ಟಿ. ವಿ. ರಾಮನ್ ಅವರು 14ನೇ ವಯಸ್ಸಿನಲ್ಲಿ ಗ್ಲಾಕೋಮ ರೋಗದಿಂದ ಪೂರ್ತಿ ದೃಷ್ಟಿ ಕಳೆದುಕೊಂಡರು. ಮುಂಬಯಿಯ ಐಐಟಿಯಲ್ಲಿ ಓದಿ, 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕಣ್ಣಿಲ್ಲದವರಿಗಾಗಿ ಪರದೆ ಓದಿ ಹೇಳುವ ತಂತ್ರಾಂಶಗಳು ಆಗಲೂ ಇದ್ದವು. ಆದರೆ ಅವು ಪರದೆಯ ಮೇಲಿದ್ದುದನ್ನು ಸಾಲಿನಿಂದ ಸಾಲಿಗೆ ಓದುತ್ತಿದ್ದವೇ ಹೊರತು, ಅದರ ಅರ್ಥ ಅವಕ್ಕೆ ತಿಳಿಯುತ್ತಿರಲಿಲ್ಲ. ರಾಮನ್ ಈಮ್ಯಾಕ್ಸ್ ಎಡಿಟರನ್ನೇ ಹಿಡಿದು, ಅದರ ಒಂದೊಂದು ಅಪ್ಪಣೆಗೂ ದನಿಯನ್ನು ಜೋಡಿಸಿದರು. 1995ರಲ್ಲಿ ಹೊರಬಂದ ಅದರ ಹೆಸರು ‘ಈಮ್ಯಾಕ್‌ಸ್ಪೀಕ್’. ಕಣ್ಣಿರುವವರಿಗೆ ಎಡಿಟರ್ ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದನ್ನು ಅದು ಬೇರೆ ಬೇರೆ ದನಿಯಲ್ಲಿ ಹೇಳುತ್ತದೆ. ಟಿಪ್ಪಣಿಗೆ ಒಂದು ದನಿ, ಅಪ್ಪಣೆಗೆ ಇನ್ನೊಂದು ದನಿ. ರೇಡಿಯೋ ಕೇಳುವ ನಮಗೆ ಇದರ ಸೊಗಸು ಬೇಗ ತಿಳಿದೀತು. ನಾಟಕದಲ್ಲಿ ಯಾರ ಮಾತು ಯಾರದೆಂದು ದನಿಯಿಂದಲೇ ತಿಳಿಯುತ್ತೇವಲ್ಲ, ಹಾಗೆ.

ಈಮ್ಯಾಕ್ಸ್ ಕಟ್ಟಿದವರು ಅದನ್ನು ಕಟ್ಟುವಾಗ ಕಣ್ಣಿಲ್ಲದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಆದರೆ ಬಾಗಿಲು ತೆರೆದಿಟ್ಟಿದ್ದರು. ರಾಮನ್ ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ ತಮಗೆ ಬೇಕಾದದ್ದನ್ನು ಮಾಡಿಕೊಂಡರು, ತಮ್ಮಂಥವರೆಲ್ಲರಿಗೂ ಕೊಟ್ಟರು. ಬಂಧುಗಳೇ, ಇವತ್ತಿನ ಮಾತಿನ ತಿರುಳು ಇದೇ. ಸಿದ್ಧ ವ್ಯವಸ್ಥೆ ತಯಾರಕರ ಎಣಿಕೆಯಲ್ಲಿ ಇರುವವರಿಗೆ ಚೆನ್ನಾಗಿ ಒದಗುತ್ತದೆ. ಎಣಿಕೆಗೆ ಬಾರದವರು ತಮಗೆ ಬೇಕಾದದ್ದನ್ನು ಕೇಳಬೇಕು, ಕಾಯಬೇಕು. ತಿದ್ದಬಲ್ಲ ಹತಾರ ಕೈಯಲ್ಲಿದ್ದರೆ ಕಾಯಬೇಕಾಗಿಲ್ಲ. ಎರಡು ರಾಜ್ಯಗಳ ಅಂಚಿನಲ್ಲಿ ಬದುಕುವ ನಮಗೆ ಎಣಿಕೆಯಿಂದ ಹೊರಗುಳಿಯುವುದು ಹೊಸದೇನಲ್ಲ. ಅರ್ಜಿ ನಮೂನೆಯಿಂದ ಪಠ್ಯಪುಸ್ತಕದವರೆಗೆ ಅದನ್ನು ಕಂಡಿದ್ದೇವೆ. ಆದ್ದರಿಂದ ಈ ಗುಣದ ಬೆಲೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಕನ್ನಡದ ಮಾತನ್ನೇ ತೆಗೆದುಕೊಳ್ಳಿ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ, ಅಂದರೆ 2008ರಿಂದ, ಪ್ರೋಗ್ರಾಮಿನ ಒಳಗಿನ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ‘ಮೊತ್ತ’ ಎಂದೋ ‘ಬೆಲೆ’ ಎಂದೋ ಬರೆದು ಲೆಕ್ಕ ಮಾಡಿಸಬಹುದು. ಈಮ್ಯಾಕ್ಸಿನಲ್ಲಿ ಕನ್ನಡ ಟೈಪು ಮಾಡುವ ಎರಡು ಕ್ರಮಗಳು ಜೊತೆಗೇ ಬರುತ್ತವೆ. ಒಂದು ಇಂಗ್ಲಿಷ್ ಅಕ್ಷರದ ಉಚ್ಚಾರ ಹಿಡಿದು ಬರೆಯುವುದು, ಇನ್ನೊಂದು ಭಾರತೀಯ ಭಾಷೆಗಳಿಗೆ ಸಮಾನವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆ. ಇಲ್ಲಿ ಎಡಿಟರುಗಳ ಒಂದು ಕುಂದನ್ನೂ ಹೇಳಬೇಕು. ಬರಿಯ ಅಕ್ಷರ ಪರದೆಯಲ್ಲಿ, ಅಂದರೆ ಟರ್ಮಿನಲ್ಲಿನಲ್ಲಿ, ವಿಐ ಬಳಸಿ ಕನ್ನಡ ಬರೆದರೆ ಒತ್ತಕ್ಷರಗಳು ಎಷ್ಟೋ ಸಲ ಜಾಗ ತಪ್ಪುತ್ತವೆ. ಅದು ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ಇಂಗ್ಲಿಷಿನ ಲೆಕ್ಕದಲ್ಲಿ ಕಟ್ಟಿದ ಪರದೆ. ಚಿತ್ರಮಯ ಕಿಟಕಿಯಲ್ಲಿ ತೆರೆಯುವ ಈಗಿನ ಎಡಿಟರುಗಳಲ್ಲಿ ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಆದ್ದರಿಂದ ಚಿತ್ರಮಯವಾದದ್ದೆಲ್ಲ ಸೋಮಾರಿಗಳಿಗೆ ಎಂಬ ಕೆಲವರ ಮಾತನ್ನು ನಂಬಬೇಡಿ.

ಇತ್ತೀಚಿನ ಒಂದು ಬೆಳವಣಿಗೆಯಿಂದ ಈ ಎರಡು ದಾರಿಗಳ ನಡುವಿನ ಬೇಲಿ ಬಹಳ ಮಟ್ಟಿಗೆ ಬಿದ್ದುಹೋಗಿದೆ. 2015ರಲ್ಲಿ ಮೈಕ್ರೋಸಾಫ್ಟ್ ‘ವಿಷುಯಲ್ ಸ್ಟುಡಿಯೋ ಕೋಡ್’ ಎಂಬ ಉಚಿತ ಎಡಿಟರನ್ನು ಹೊರತಂದಿತು. ಹಿಂದೆ ಎಕ್ಲಿಪ್ಸ್ ಕಟ್ಟುವಲ್ಲಿ ಮುಂದಾಳಾಗಿದ್ದ ಎರಿಕ್ ಗಾಮಾ ಅವರೇ ಇದಕ್ಕೂ ಮುಂದಾಳಾಗಿದ್ದರು. ನೋಡಲು ಐಡಿಇಯಂತೆ, ಒಳಗೆ ಬೇಕಾದ್ದನ್ನಷ್ಟೇ ಸೇರಿಸಿಕೊಳ್ಳಬಹುದಾದ ಎಡಿಟರ್. ಅದರ ಬೆನ್ನಿಗೆ 2016ರಲ್ಲಿ ಒಂದು ಸಮಾನ ಒಪ್ಪಂದ ಬಂತು. ‘ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್’ ಎಂದು ಅದರ ಹೆಸರು. ಮೊದಲು ಹತ್ತು ಎಡಿಟರುಗಳಿಗೆ ಇಪ್ಪತ್ತು ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸಬೇಕೆಂದರೆ ಇನ್ನೂರು ಸಲ ದುಡಿಯಬೇಕಿತ್ತು. ಈಗ ಪ್ರತಿ ಭಾಷೆಗೆ ಒಬ್ಬ ಸಹಾಯಕ, ಎಲ್ಲ ಸಹಾಯಕರೂ ಎಲ್ಲ ಎಡಿಟರುಗಳೂ ಮಾತಾಡುವುದು ಒಂದೇ ನಡುನುಡಿ. ಮೂವತ್ತು ಸಲದ ದುಡಿಮೆ ಸಾಕು. ನಮ್ಮ ಸಂತೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಕನ್ನಡದವರು, ಮರಾಠಿಯವರು, ತೆಲುಗಿನವರು ಕೂಡಿದಲ್ಲಿ ಎಲ್ಲರೂ ಎಲ್ಲರ ಮಾತು ಕಲಿಯುವುದಿಲ್ಲ. ವ್ಯಾಪಾರಕ್ಕೆ ಒಂದು ಮಾತು ಹೊಂದಿಸಿಕೊಳ್ಳುತ್ತಾರೆ. ಆ ಒಪ್ಪಂದದ ಫಲವಾಗಿ ಮುಂದಿನ ಹೆಸರು ಸೂಚಿಸುವುದು, ತಪ್ಪಿಗೆ ಗೆರೆ ಎಳೆಯುವುದು ಮುಂತಾದ ಐಡಿಇಯ ಸೌಕರ್ಯಗಳು ಹಳೆಯ ಎಡಿಟರುಗಳಿಗೂ ಸಿಕ್ಕಿವೆ. ವಿಮ್‌ನಿಂದ ಕವಲೊಡೆದ ‘ನಿಯೋವಿಮ್’ 2021ರಲ್ಲಿ, ಈಮ್ಯಾಕ್ಸಿನ 29ನೇ ಆವೃತ್ತಿ 2023ರಲ್ಲಿ ಇದನ್ನು ತಮ್ಮೊಳಗೇ ಸೇರಿಸಿಕೊಂಡವು.

ಇನ್ನು ಮನೆಯ ಪ್ರಶ್ನೆಗೆ ಬರೋಣ. ಲ್ಯಾಪ್‌ಟಾಪ್ ಕೊಡಿಸಬೇಕೇ?

ಮಗಳು ಅಥವಾ ಮಗ ಈಗಷ್ಟೇ ಪ್ರೋಗ್ರಾಂ ಕಲಿಯುತ್ತಿದ್ದರೆ ಬೇಡ. ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪಿನಂಥ ಹಳೆಯ ಯಂತ್ರವೊಂದು ಓಡುವ ಸ್ಥಿತಿಯಲ್ಲಿದ್ದರೂ ಸಾಕು. ಪೈಥಾನ್ ಜೊತೆಗೇ ಬರುವ ‘ಐಡಲ್’ ಇದೆ, ಗೀನಿ ಇದೆ, ವಿಮ್ ಇದೆ. ಎಲ್ಲವೂ ಉಚಿತ, ಹಗುರ. ಯಂತ್ರ ಚಿಕ್ಕದೆಂದು ಕಲಿಕೆ ಚಿಕ್ಕದಾಗುವುದಿಲ್ಲ. ಮಕ್ಕಳಿಗೆ ಒಂದು ಸಲಹೆ: ಗುಂಡಿ ಒತ್ತಿ ಓಡಿಸುವ ಪ್ರೋಗ್ರಾಮನ್ನು ವಾರಕ್ಕೊಮ್ಮೆಯಾದರೂ ಗುಂಡಿ ಇಲ್ಲದೆ, ಟರ್ಮಿನಲ್ಲಿನಲ್ಲಿ ಅಪ್ಪಣೆ ಬರೆದು ಓಡಿಸಿ. ಆಗ ಗುಂಡಿಯ ಹಿಂದಿನ ಕೆಲಸ ನಿಮಗೂ ತಿಳಿಯುತ್ತದೆ.

ಮೊಬೈಲ್ ಆ್ಯಪ್ ಮಾಡುವ ಕೆಲಸಕ್ಕೇ ಇಳಿದಿದ್ದರೆ ಅವರ ಬೇಡಿಕೆ ನ್ಯಾಯವಾದದ್ದು. ಅಲ್ಲಿ ಆಂಡ್ರಾಯ್ಡ್ ಸ್ಟುಡಿಯೋದಂಥ ಐಡಿಇ ಇಲ್ಲದೆ ಹೆಣಗುವುದು ಗಿರಣಿ ಪಕ್ಕದಲ್ಲಿದ್ದೂ ಒನಕೆ ಹಿಡಿದ ಹಾಗೆ. ಆದರೂ ಪರದೆಯೊಳಗೆ ನಕಲಿ ಫೋನ್ ಓಡಿಸುವ ಬದಲು ಕೈಯಲ್ಲಿರುವ ಫೋನನ್ನೇ ತಂತಿಯಿಂದ ಜೋಡಿಸಿ ಪರೀಕ್ಷಿಸಿದರೆ ಯಂತ್ರದ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ದೂರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದವರಿಗೆ ವಿಐ ಗೊತ್ತಿರಲೇಬೇಕು. ಯುನಿಕ್ಸ್, ಲಿನಕ್ಸ್ ಜಾತಿಯ ಬಹುತೇಕ ಎಲ್ಲ ಯಂತ್ರಗಳಲ್ಲೂ ಅದು ಇರುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುವ ಯಂತ್ರವನ್ನು ಹಳ್ಳಿಯ ಮನೆಯಿಂದ ತಿದ್ದುವಾಗ ನಡುವೆ ಓಡಾಡುವುದು ಬರಿಯ ಅಕ್ಷರಗಳು. ಅರ್ಧಂಬರ್ಧ ಸಿಗ್ನಲ್ ಇದ್ದರೂ ಕೆಲಸ ಸಾಗುತ್ತದೆ. ನಿಧಾನವಾದ ಟೆಲಿಫೋನ್ ತಂತಿಗಾಗಿ 1976ರಲ್ಲಿ ಮಾಡಿದ ಮಿತವ್ಯಯ ಗುಡ್ಡದ ಮರೆಯ ನಮ್ಮ ಊರುಗಳಿಗೆ ಇವತ್ತೂ ಒದಗುತ್ತದೆ. ಕಲಿಯಬೇಕಾದದ್ದೂ ಮೊದಲಿಗೆ ನಾಲ್ಕೇ. ಬರೆಯಲು ತೊಡಗಲು ‘ಐ’ ಕೀಲಿ. ಬರೆದು ನಿಲ್ಲಿಸಲು ‘ಎಸ್ಕೇಪ್’. ಉಳಿಸಿ ಹೊರಬರಲು ಕೋಲನ್, ಡಬ್ಲ್ಯು, ಕ್ಯೂ. ಉಳಿಸದೆ ಹೊರಬರಲು ಕೋಲನ್, ಕ್ಯೂ, ಉದ್ಗಾರ ಚಿಹ್ನೆ. ಕೊನೆಯ ಎರಡಕ್ಕೂ ಎಂಟರ್ ಒತ್ತಬೇಕು. ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಈಗ ಕೃತಕ ಬುದ್ಧಿಮತ್ತೆ ತಾನೇ ಪ್ರೋಗ್ರಾಂ ಬರೆದುಕೊಡುವ ಎಡಿಟರುಗಳೂ ಬಂದಿವೆ. ಅವು ಬರೆದುಕೊಟ್ಟದ್ದೂ ಕೊನೆಗೆ ಅಕ್ಷರಗಳೇ. ಓದಿ, ಸರಿಯೇ ತಪ್ಪೇ ಎಂದು ಹೇಳಬೇಕಾದವರು ನಾವೇ.

ಯಾವ ಹತಾರ ಹಿಡಿದರೂ ಒಂದು ಮಾತು ನೆನಪಿಡಿ. ಎಡಿಟರುಗಳು ಬರುತ್ತವೆ, ಹೋಗುತ್ತವೆ. ಬರಿಯ ಅಕ್ಷರದಲ್ಲಿ ಬರೆದ ಪ್ರೋಗ್ರಾಂ ಮಾತ್ರ ಯಾವ ಹತಾರದಲ್ಲೂ ತೆರೆಯುತ್ತದೆ. ಮನೆಯಲ್ಲೊಂದು ಮಾತು, ಪೇಟೆಯಲ್ಲೊಂದು ಮಾತು ಆಡಿ ಎರಡರಲ್ಲೂ ಬದುಕುವ ನಮ್ಮ ಮಕ್ಕಳಿಗೆ ಒಂದು ಎಡಿಟರ್, ಒಂದು ಐಡಿಇ ಎರಡನ್ನೂ ಕಲಿಯುವುದು ಹೊರೆಯಲ್ಲ.

ಈಮ್ಯಾಕ್ಸ್ ಸಿಕ್ಕಿದವರು ಕಂಟ್ರೋಲ್ ಮತ್ತು ಹೆಚ್ ಒಟ್ಟಿಗೆ ಒತ್ತಿ, ಮತ್ತೊಮ್ಮೆ ಹೆಚ್ ಒಂದನ್ನೇ ಒತ್ತಿ ನೋಡಿ. ಲೋಕದ ಹಲವಾರು ಭಾಷೆಗಳಲ್ಲಿ ಸ್ವಾಗತದ ಮಾತು ಬರೆದ ಪುಟವೊಂದು ತೆರೆಯುತ್ತದೆ. ಮಲಯಾಳಂ, ತಮಿಳು, ತೆಲುಗುಗಳ ಜೊತೆಗೆ ಕನ್ನಡವೂ ಅಲ್ಲಿದೆ. ಕನ್ನಡದ ಎದುರಿಗೆ ಬರೆದಿರುವ ಮಾತನ್ನೇ ಹೇಳಿ ಮುಗಿಸುತ್ತೇನೆ: ನಮಸ್ಕಾರ.